ಸಮವಸ್ತ್ರ ಕಳಚಿಟ್ಟು ತರಗತಿಗೆ: ಅಮೆರಿಕದ ಮಾಜಿ ಸೈನಿಕರ ಕಾಲೇಜು ಹಾದಿ

ಮೊದಲನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕನ ಕೈಗೆ ಸರ್ಕಾರ ಕೊಟ್ಟದ್ದು 60 ಡಾಲರ್ ಮತ್ತು ಊರಿಗೆ ಹೋಗಲು ಒಂದು ರೈಲು ಟಿಕೆಟ್ಟು. ಇವತ್ತು ಅದೇ ದೇಶದಲ್ಲಿ ಮೂರು ವರ್ಷ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದ ಸೈನಿಕನಿಗೆ ಸರ್ಕಾರಿ ವಿಶ್ವವಿದ್ಯಾಲಯದ ಪೂರ್ತಿ ಬೋಧನಾ ಶುಲ್ಕ, ತಿಂಗಳು ತಿಂಗಳು ಮನೆಬಾಡಿಗೆಯ ಭತ್ಯೆ, ಪುಸ್ತಕಕ್ಕೆಂದು ವರ್ಷಕ್ಕೆ 1,000 ಡಾಲರ್‌ವರೆಗೆ ಸಿಗುತ್ತದೆ. ಅಷ್ಟೇ ಅಲ್ಲ, ಅವನು ಸೇರುವ ಕಾಲೇಜಿನಲ್ಲಿ ಮಾಜಿ ಸೈನಿಕರಿಗಾಗಿಯೇ ಒಂದು ಕಚೇರಿ, ಕೂತು ಮಾತಾಡಲು ಒಂದು ಕೋಣೆ, ಅವನಿಗಿಂತ ಒಂದೆರಡು ವರ್ಷ ಮೊದಲು ಸೇನೆ ಬಿಟ್ಟು ಬಂದ ಹಿರಿಯ ವಿದ್ಯಾರ್ಥಿಗಳ ಸಂಘ ಇರುವ ಸಂಭವವೂ ಹೆಚ್ಚು.

ಈ ನೂರು ವರ್ಷಗಳ ಕಥೆಯನ್ನು ಕಾನೂನುಗಳ ಕಥೆಯಾಗಿ ಹೇಳುವುದೇ ವಾಡಿಕೆ. 1944ರ ಕಾಯ್ದೆ, 1952ರದು, 1966ರದು, 2008ರದು ಎಂದು ಸಾಲಾಗಿ ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಕಾನೂನು ಹಣ ಮಂಜೂರು ಮಾಡಬಲ್ಲದು. ಆ ಹಣ ಹಿಡಿದು ಬಂದವನು ಎರಡನೇ ಸೆಮಿಸ್ಟರಿಗೂ ಬರುವಂತೆ ನೋಡಿಕೊಂಡದ್ದು ಅವನ ಸುತ್ತಲಿನವರು: ಜೊತೆಗೆ ದುಡಿದ ಸೈನಿಕರು, ಹೆಂಡತಿ, ನೆರೆಹೊರೆ, ಕಚೇರಿಯ ಒಬ್ಬ ಗುಮಾಸ್ತೆ. ಅಮೆರಿಕ ಈ ಪಾಠವನ್ನು ಒಮ್ಮೆ ಕಲಿತು ನೆನಪಿಟ್ಟುಕೊಳ್ಳಲಿಲ್ಲ. ಪ್ರತಿ ಯುದ್ಧವಾದ ಮೇಲೂ ಹೊಸದಾಗಿ ಕಲಿಯಬೇಕಾಯಿತು. ಅದನ್ನು ಗಮನದಲ್ಲಿಟ್ಟುಕೊಂಡೇ ಈ ಹಾದಿಯನ್ನು ನೋಡಬೇಕು.

1918ರಲ್ಲಿ ಬಂದ ಸ್ಮಿತ್-ಸಿಯರ್ಸ್ ಕಾಯ್ದೆ ಯುದ್ಧದಲ್ಲಿ ಅಂಗವಿಕಲರಾದವರಿಗೆ ಕಸುಬಿನ ತರಬೇತಿ ಕೊಡಿಸುವುದಕ್ಕಷ್ಟೇ ಸೀಮಿತವಾಗಿತ್ತು. ಕೈಕಾಲು ನೆಟ್ಟಗಿರುವವನಿಗೆ ಓದು ಬೇಕಾದೀತು ಎಂಬ ಯೋಚನೆ ವಾಷಿಂಗ್ಟನ್ನಿನಲ್ಲಿ ಯಾರಿಗೂ ಬಂದಂತಿಲ್ಲ. ಬಂದದ್ದು ವಿಸ್ಕಾನ್ಸಿನ್ ರಾಜ್ಯಕ್ಕೆ. 1919ರಲ್ಲಿ ಆ ರಾಜ್ಯ ಓದಲು ಬಯಸುವ ತನ್ನ ಮಾಜಿ ಸೈನಿಕರಿಗೆ ತಿಂಗಳಿಗೆ 30 ಡಾಲರ್ ಕೊಡುವ ಕಾನೂನು ಮಾಡಿತು. ಮುಂದೆ ಇಡೀ ದೇಶ ಹಿಡಿದ ದಾರಿಗೆ ಇದೇ ಮೊದಲ ಹೆಜ್ಜೆ. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಉಳಿದವರಿಗೆ 1924ರಲ್ಲಿ ಒಂದು ಬೋನಸ್ಸಿನ ಭರವಸೆ ಸಿಕ್ಕಿತು, ಕೈಗೆ ಬರುವುದು 1945ಕ್ಕೆ. ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ಬಂತು. 1932ರ ಬೇಸಿಗೆಯಲ್ಲಿ ಕೆಲಸವಿಲ್ಲದ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳೊಂದಿಗೆ ರಾಜಧಾನಿಗೆ ಬಂದು, ಅನಕೋಸ್ಟಿಯಾ ನದಿಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು, ಆ ಹಣವನ್ನು ಈಗಲೇ ಕೊಡಿ ಎಂದು ಕೂತರು. ಜುಲೈ 28ರಂದು ಅಧ್ಯಕ್ಷ ಹೂವರ್ ಅವರನ್ನು ತೆರವುಗೊಳಿಸಲು ಸೇನೆಯನ್ನೇ ಕರೆಸಿದರು. ಜನರಲ್ ಡಗ್ಲಸ್ ಮೆಕಾರ್ಥರ್ ಮುಂದಾಳತ್ವದಲ್ಲಿ ಕುದುರೆ ಪಡೆ, ಟ್ಯಾಂಕು, ಅಶ್ರುವಾಯು ಬಂದವು, ಗುಡಿಸಲುಗಳು ಸುಟ್ಟುಹೋದವು. ತನ್ನದೇ ಯೋಧರ ಮೇಲೆ ತನ್ನದೇ ಸೇನೆ ನುಗ್ಗಿದ ಆ ದೃಶ್ಯ ದೇಶದ ಮನಸ್ಸಿನಿಂದ ಬೇಗ ಮಾಸಲಿಲ್ಲ.

ಹನ್ನೆರಡು ವರ್ಷದ ನಂತರ ಕಾನೂನು ಬರೆಯಲು ಕೂತವರ ಮುಂದೆ ಆ ನೆನಪೂ ಇತ್ತು, ಇನ್ನೊಂದು ಭಯವೂ ಇತ್ತು. ಎರಡನೇ ಮಹಾಯುದ್ಧದಲ್ಲಿ 1 ಕೋಟಿ 60 ಲಕ್ಷ ಜನ ಸಮವಸ್ತ್ರ ತೊಟ್ಟಿದ್ದರು. ಅವರೆಲ್ಲ ಒಟ್ಟಿಗೆ ಕೆಲಸ ಹುಡುಕಿಕೊಂಡು ಬಂದರೆ ಗತಿಯೇನು? ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಹಿಂದಿನ ಮುಖ್ಯಸ್ಥ, ವಕೀಲ ಹ್ಯಾರಿ ಕಾಲ್ಮೆರಿ ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನಲ್ಲಿ ಕೂತು, ಹೋಟೆಲಿನ ಕಾಗದದ ಮೇಲೆಯೇ ಮಸೂದೆಯ ಕರಡು ಬರೆದರು. ಜನರ ಬಾಯಲ್ಲಿ ಅದು 'ಜಿಐ ಬಿಲ್' ಆಯಿತು; ಜಿಐ ಎಂದರೆ ಸಾಮಾನ್ಯ ಸಿಪಾಯಿ.

ಆ ಮಸೂದೆ ಒಂದು ಮತದ ಅಂಚಿನಲ್ಲಿ ಬದುಕಿತು. ಎರಡೂ ಸದನಗಳ ಜಂಟಿ ಸಮಿತಿಯಲ್ಲಿ ಅದು ಸಿಕ್ಕಿಹಾಕಿಕೊಂಡಿತ್ತು. ಮಿಸಿಸಿಪ್ಪಿಯ ಸಂಸದ ಜಾನ್ ರ್‍ಯಾಂಕಿನ್, ತಮ್ಮ ಕಡೆಯ ಕಪ್ಪು ಯೋಧರಿಗೂ ಬಿಳಿಯರಷ್ಟೇ ನಿರುದ್ಯೋಗ ಭತ್ಯೆ ಸಿಗುತ್ತದೆ ಎಂಬುದನ್ನು ಸಹಿಸದೆ ಅಡ್ಡ ನಿಂತರು. ಗೈರುಹಾಜರಾಗಿದ್ದ ಸದಸ್ಯ ಜಾನ್ ಗಿಬ್ಸನ್ ತಮ್ಮ ಪರವಾಗಿ ಚಲಾಯಿಸಲು ಕೊಟ್ಟಿದ್ದ ಮತವನ್ನೂ ಚಲಾಯಿಸಲು ಒಪ್ಪಲಿಲ್ಲ. ಲೀಜನ್ನಿನವರು ಜಾರ್ಜಿಯಾದಲ್ಲಿದ್ದ ಗಿಬ್ಸನ್‌ರನ್ನು ರಾತ್ರೋರಾತ್ರಿ ಪತ್ತೆಹಚ್ಚಿ, ಕಾರು, ವಿಮಾನ ಹತ್ತಿಸಿ, ಬೆಳಗಾಗುವಷ್ಟರಲ್ಲಿ ರಾಜಧಾನಿಗೆ ತಂದರು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದರು. 90 ದಿನ ಸೇವೆ ಮಾಡಿದವನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ. ಹೊಟ್ಟೆಬಟ್ಟೆಗೆ ಒಂಟಿಯಾಗಿದ್ದರೆ ತಿಂಗಳಿಗೆ 50, ಸಂಸಾರವಂದಿಗನಾದರೆ 75 ಡಾಲರ್. ಆ ಕಾಲಕ್ಕೆ ಹಾರ್ವರ್ಡ್‌ನ ಶುಲ್ಕವೂ ಆ 500 ಡಾಲರಿನೊಳಗೇ ಹಿಡಿಸುತ್ತಿತ್ತು.

ವಿದ್ವಾಂಸರಿಗೆ ಇದು ಹಿಡಿಸಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್, ಕಾಲೇಜುಗಳು ಅಲೆಮಾರಿಗಳ ಬೀಡಾಗುತ್ತವೆ ಎಂದು 1944ರ ಕೊನೆಯಲ್ಲಿ ಪತ್ರಿಕೆಯೊಂದಕ್ಕೆ ಬರೆದರು. ಹಾರ್ವರ್ಡ್‌ನ ಜೇಮ್ಸ್ ಕೊನಾಂಟ್‌ಗೂ ಅದೇ ಆತಂಕ. ಕೊನಾಂಟ್ ಮುಂದೆ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ಆದದ್ದೇನೆಂದರೆ, 1947ರಲ್ಲಿ ಕಾಲೇಜು ಸೇರಿದವರಲ್ಲಿ ಶೇ. 49ರಷ್ಟು ಮಾಜಿ ಸೈನಿಕರೇ ಇದ್ದರು, ಮತ್ತು ಅವರು ಚೆನ್ನಾಗಿ ಓದಿದರು. ಯುದ್ಧದಲ್ಲಿ ಕಳೆದ ವರ್ಷಗಳನ್ನು ಹಿಂದಕ್ಕೆ ಪಡೆಯುವ ತುರ್ತು ಅವರಿಗಿತ್ತು. ಮೊದಲ ವರ್ಷದವರು ತಲೆಗೆ ಚಿಕ್ಕ ಟೊಪ್ಪಿಗೆ ಹಾಕಿಕೊಂಡು ಹಿರಿಯರಿಗೆ ತಲೆಬಾಗಬೇಕೆಂಬ ಹಳೆಯ ಪದ್ಧತಿಯನ್ನು ಅವರು ಅನೇಕ ಕಡೆ ಸಾರಾಸಗಟಾಗಿ ನಿರಾಕರಿಸಿದರು. 1956ರ ಹೊತ್ತಿಗೆ ಸುಮಾರು 78 ಲಕ್ಷ ಜನ ಈ ಕಾಯ್ದೆಯಡಿ ಯಾವುದೋ ಒಂದು ಶಿಕ್ಷಣ ಅಥವಾ ತರಬೇತಿ ಪಡೆದಿದ್ದರು. ಕಾಲೇಜಿಗೆ ಹೋದವರು ಅದರಲ್ಲಿ 22 ಲಕ್ಷ. ಉಳಿದವರು ಕಸುಬಿನ ಶಾಲೆ, ಕಾರ್ಖಾನೆಯ ತರಬೇತಿ, ಬೇಸಾಯದ ಕೋರ್ಸುಗಳಿಗೆ ಹೋದರು. ಕಾಲೇಜಿನ ಹೊಳಪಿನಲ್ಲಿ ಆ ದೊಡ್ಡ ಪಾಲು ಮರೆಯಾಗಿಬಿಡುತ್ತದೆ.

ಇಷ್ಟು ಜನಕ್ಕೆ ಜಾಗ ಎಲ್ಲಿಂದ ಬರಬೇಕು? ಸಿರಕ್ಯೂಸ್ ವಿಶ್ವವಿದ್ಯಾಲಯದ ಕುಲಪತಿ ವಿಲಿಯಂ ಟಾಲಿ, ಬರುವ ಯಾವ ಯೋಧನನ್ನೂ ಹಿಂದಕ್ಕೆ ಕಳಿಸುವುದಿಲ್ಲ ಎಂದು ನಿಂತರು. ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಮೂರು ಪಟ್ಟಾಯಿತು. ಇಲಿನಾಯ್ ವಿಶ್ವವಿದ್ಯಾಲಯ 1946ರಲ್ಲಿ ಷಿಕಾಗೊದ ನೇವಿ ಪಿಯರ್ ಎಂಬ ಹಡಗುಕಟ್ಟೆಯ ಮೇಲೆಯೇ ತರಗತಿ ತೆರೆಯಿತು. ಕೊಲಂಬಿಯಾ ವಿಶ್ವವಿದ್ಯಾಲಯ 1947ರಲ್ಲಿ ಇಂಥವರನ್ನೇ ಗಮನದಲ್ಲಿಟ್ಟುಕೊಂಡು ಸ್ಕೂಲ್ ಆಫ್ ಜನರಲ್ ಸ್ಟಡೀಸ್ ಕಟ್ಟಿತು. ಇವತ್ತಿಗೂ ಆ ಶಾಲೆಯಲ್ಲಿ ಮಾಜಿ ಸೈನಿಕರ ದೊಡ್ಡ ಗುಂಪಿದೆ. ವಸತಿಯ ಕಥೆ ಇನ್ನೂ ದೊಡ್ಡದು. ಯುರೋಪಿಗೆ ಹೋಗುವ ಲಕ್ಷಾಂತರ ಸೈನಿಕರು ಹಡಗು ಹತ್ತುವ ಮುನ್ನ ತಂಗಿದ್ದ ಕ್ಯಾಂಪ್ ಶ್ಯಾಂಕ್ಸ್ ಯುದ್ಧಾನಂತರ 'ಶ್ಯಾಂಕ್ಸ್ ವಿಲೇಜ್' ಆಗಿ ಸಂಸಾರಸ್ಥ ವಿದ್ಯಾರ್ಥಿಗಳ ಊರಾಯಿತು. ವಿಸ್ಕಾನ್ಸಿನ್‌ನಲ್ಲಿ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರಿಗೆ ಕಟ್ಟಿದ್ದ ಮನೆಗಳು 'ಬ್ಯಾಜರ್ ವಿಲೇಜ್' ಆದವು. ಅಲ್ಲಿಂದ ಮ್ಯಾಡಿಸನ್ನಿನ ಕಾಲೇಜಿಗೆ ಸುಮಾರು 35 ಮೈಲು, ದಿನವೂ ಬಸ್ಸು. ತಗಡಿನ ಕ್ವಾನ್‌ಸೆಟ್ ಗುಡಿಸಲು, ಟ್ರೇಲರು, ಹಳೆಯ ಬ್ಯಾರಕ್ಕು, ಏನು ಸಿಕ್ಕಿತೋ ಅದರಲ್ಲಿ ಜನ ಇದ್ದರು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಹೃದಯ ಇರುವುದು ಈ ತಾತ್ಕಾಲಿಕ ಊರುಗಳಲ್ಲಿ. ಯಾವ ಕಾಯ್ದೆಯೂ 'ಬೆಂಬಲ ಗುಂಪು' ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಪಕ್ಕದ ತಗಡಿನ ಮನೆಯಲ್ಲಿದ್ದವನೂ ನಾರ್ಮಂಡಿಯಿಂದಲೋ ಒಕಿನಾವಾದಿಂದಲೋ ಬಂದವನೇ ಆಗಿದ್ದ. ರಾತ್ರಿ ನಿದ್ದೆ ಬರದಿದ್ದರೆ ಅದೇಕೆ ಎಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಮಕ್ಕಳನ್ನು ಸರದಿಯಲ್ಲಿ ನೋಡಿಕೊಳ್ಳುವ ಸಹಕಾರಿ ಶಿಶುವಿಹಾರಗಳು ಹುಟ್ಟಿದವು, ಸಾಮಾನನ್ನು ಒಟ್ಟಾಗಿ ಕೊಂಡು ಹಂಚಿಕೊಳ್ಳುವ ಅಂಗಡಿಗಳು ಹುಟ್ಟಿದವು. ಈ ಊರುಗಳನ್ನು ನಡೆಸಿದವರು ಹೆಂಗಸರು. ಬೆರಳಚ್ಚು ಮಾಡಿ, ಅಂಗಡಿಯಲ್ಲಿ ದುಡಿದು, ಗಂಡನ ಭತ್ಯೆ ಸಾಲದ ತಿಂಗಳುಗಳನ್ನು ತೂಗಿಸಿದರು. ಕೆಲವು ಕಾಲೇಜುಗಳು ಗಂಡನನ್ನು ಓದಿಸಿ ದಡ ಸೇರಿಸಿದ್ದಕ್ಕಾಗಿ ಹೆಂಡತಿಯರಿಗೂ ಒಂದು ಪ್ರಮಾಣಪತ್ರ ಕೊಟ್ಟವು. ಆ ಹೆಂಗಸರಲ್ಲಿ ಅನೇಕರಿಗೆ ಪ್ರಮಾಣಪತ್ರವಲ್ಲ, ಪದವಿಯೇ ಸಿಗಬೇಕಾಗಿತ್ತು.

ಇದೇ ಅವಧಿಯಲ್ಲಿ ಎರಡು ಉಪಕರಣಗಳು ರೂಪುಗೊಂಡವು. ಹೈಸ್ಕೂಲು ಮುಗಿಸದೆ ಸೇನೆಗೆ ಹೋದವರಿಗೆಂದು 1942ರಲ್ಲಿ ಹೈಸ್ಕೂಲಿಗೆ ಸಮನಾದ ಜಿಇಡಿ ಪರೀಕ್ಷೆ ಬಂತು. ಇಂದು ಅದನ್ನು ಬರೆಯುವ ಬಹುಪಾಲು ಜನರಿಗೆ ಅದು ಸೈನಿಕರಿಗಾಗಿ ಹುಟ್ಟಿದ್ದೆಂದು ಗೊತ್ತಿರುವುದಿಲ್ಲ. ಎರಡನೆಯದು, ಸೇನೆಯಲ್ಲಿ ಕಲಿತ ರೇಡಿಯೊ, ಯಂತ್ರ, ವೈದ್ಯಕೀಯ ಕೆಲಸಗಳಿಗೆ ಕಾಲೇಜಿನಲ್ಲಿ ಎಷ್ಟು ಕ್ರೆಡಿಟ್ ಕೊಡಬಹುದು ಎಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಸಂಸ್ಥೆ ತಯಾರಿಸಿದ ಕೈಪಿಡಿ. ಸೈನಿಕ ಬರಿಗೈಯಲ್ಲಿ ಕಾಲೇಜಿಗೆ ಬರುವುದಿಲ್ಲ, ಕಲಿತೇ ಬರುತ್ತಾನೆ ಎಂಬ ಒಪ್ಪಿಗೆ ಅದರಲ್ಲಿತ್ತು.

ಆದರೆ ಈ ನೆರೆಹೊರೆಯೊಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಕಾಯ್ದೆಯ ಭಾಷೆಯಲ್ಲಿ ಬಣ್ಣದ ಮಾತೇ ಇರಲಿಲ್ಲ. ಜಾರಿ ಮಾತ್ರ ಸ್ಥಳೀಯ ಕಚೇರಿಗಳ, ಸ್ಥಳೀಯ ಬ್ಯಾಂಕುಗಳ, ಸ್ಥಳೀಯ ಕಾಲೇಜುಗಳ ಕೈಯಲ್ಲಿತ್ತು, ಮತ್ತು ದಕ್ಷಿಣದ ರಾಜ್ಯಗಳಲ್ಲಿ ಆ ಕೈಗಳೆಲ್ಲ ಬಿಳಿಯರವು. ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪು ಯೋಧರನ್ನು ಒಳಗೆ ಬಿಡಲಿಲ್ಲ. ಕಪ್ಪು ಜನರ ಕಾಲೇಜುಗಳಲ್ಲಿ ಜಾಗವೇ ಸಾಲದೆ ಸಾವಿರಾರು ಜನ ಹಿಂದಿರುಗಿದರು. ಮಿಸಿಸಿಪ್ಪಿಯಲ್ಲಿ 1947ರ ಒಂದು ಸಮೀಕ್ಷೆಯ ಪ್ರಕಾರ, ಈ ಕಾಯ್ದೆಯ ಖಾತರಿಯಡಿ ಮಂಜೂರಾದ 3,229 ಸಾಲಗಳಲ್ಲಿ ಕಪ್ಪು ಯೋಧರಿಗೆ ಸಿಕ್ಕದ್ದು ಎರಡು. ಹೀಗಿದ್ದೂ ಹಾದಿ ಮಾಡಿಕೊಂಡವರಿದ್ದರು. ಅದೇ ಮಿಸಿಸಿಪ್ಪಿಯ ಮೆಡ್ಗರ್ ಎವರ್ಸ್ ಯುದ್ಧದಿಂದ ಬಂದು, 1946ರಲ್ಲಿ ಮತ ಹಾಕಲು ಹೋಗಿ ಬಂದೂಕು ಹಿಡಿದ ಬಿಳಿಯರಿಂದ ತಡೆಯಲ್ಪಟ್ಟು, ಆಮೇಲೆ ಆಲ್ಕಾರ್ನ್ ಕಾಲೇಜಿನಲ್ಲಿ ಜಿಐ ಬಿಲ್ಲಿನ ನೆರವಿನಿಂದ ಓದಿದರು. ನಾಗರಿಕ ಹಕ್ಕುಗಳ ಹೋರಾಟದ ಮುಂದಾಳಾದ ಅವರನ್ನು 1963ರಲ್ಲಿ ಮನೆಯ ಅಂಗಳದಲ್ಲೇ ಗುಂಡಿಟ್ಟು ಕೊಂದರು.

ಹೆಂಗಸರ ಪಾಲು ಕಾಲೇಜು ಸೇರಿದ ಮಾಜಿ ಸೈನಿಕರಲ್ಲಿ ಶೇ. 3ನ್ನೂ ಮುಟ್ಟಲಿಲ್ಲ. ಯುದ್ಧಕಾಲದಲ್ಲಿ ಸೇನೆಯ ವಿಮಾನಗಳನ್ನು ಹಾರಿಸಿದ ಮಹಿಳಾ ಪೈಲಟ್‌ಗಳಿಗೆ 'ಮಾಜಿ ಸೈನಿಕರು' ಎಂಬ ಮಾನ್ಯತೆ ಬಂದದ್ದೇ 1977ರಲ್ಲಿ. ಅಮೆರಿಕದ ಧ್ವಜದಡಿ ಜಪಾನಿನ ವಿರುದ್ಧ ಹೋರಾಡಿದ ಫಿಲಿಪೀನ್ಸ್ ಸೈನಿಕರ ಸವಲತ್ತುಗಳನ್ನು 1946ರ ಒಂದು ಕಾಯ್ದೆ ಕಿತ್ತುಕೊಂಡಿತು. ನೀಲಿ ಕಾಗದದ ಮೇಲೆ ಬಿಡುಗಡೆ ಆದೇಶ ಪಡೆದವರು, ಅಂದರೆ ಸಲಿಂಗಕಾಮಿಗಳೆಂದು ಹೊರಹಾಕಲ್ಪಟ್ಟವರು ಮತ್ತು ತಮ್ಮ ಸಂಖ್ಯೆಯ ಪ್ರಮಾಣ ಮೀರಿ ಅದಕ್ಕೆ ಗುರಿಯಾದ ಕಪ್ಪು ಸೈನಿಕರು, ಏನೂ ಸಿಗದೆ ಉಳಿದರು.

ಹೀಗೆ ಹೊರಗುಳಿದವರು ತಮ್ಮ ನೆರೆಹೊರೆಯನ್ನು ತಾವೇ ಕಟ್ಟಿಕೊಂಡದ್ದಕ್ಕೆ ಒಳ್ಳೆಯ ಉದಾಹರಣೆ ಟೆಕ್ಸಾಸ್‌ನದು. ಸೇನೆಯಲ್ಲಿ ವೈದ್ಯರಾಗಿದ್ದ ಹೆಕ್ಟರ್ ಗಾರ್ಸಿಯಾ 1948ರ ಮಾರ್ಚ್‌ನಲ್ಲಿ ಕಾರ್ಪಸ್ ಕ್ರಿಸ್ಟಿ ಎಂಬಲ್ಲಿ ಮೆಕ್ಸಿಕನ್ ಮೂಲದ ಯೋಧರನ್ನು ಸೇರಿಸಿ ಅಮೆರಿಕನ್ ಜಿಐ ಫೋರಂ ಕಟ್ಟಿದರು. ಓದಲು ಸೇರಿದವರಿಗೆ ಭತ್ಯೆಯ ಚೆಕ್ಕು ಸರಿಯಾಗಿ ಬರುತ್ತಿಲ್ಲ, ಸೇನಾ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗುತ್ತಿಲ್ಲ ಎಂಬ ದಿನನಿತ್ಯದ ದೂರುಗಳಿಂದ ಸಂಘ ಶುರುವಾಯಿತು. ಮರುವರ್ಷವೇ, ಫಿಲಿಪೀನ್ಸ್‌ನಲ್ಲಿ ಮಡಿದ ಸೈನಿಕ ಫೆಲಿಕ್ಸ್ ಲೊಂಗೋರಿಯಾನ ಅಂತಿಮ ದರ್ಶನಕ್ಕೆ ತ್ರೀ ರಿವರ್ಸ್ ಊರಿನಲ್ಲಿ ಜಾಗ ನಿರಾಕರಿಸಿದಾಗ ಗಾರ್ಸಿಯಾ ಅದನ್ನು ದೇಶದ ಪ್ರಶ್ನೆಯಾಗಿಸಿದರು. ಸೆನೆಟರ್ ಲಿಂಡನ್ ಜಾನ್ಸನ್ ಮಧ್ಯೆ ಬಂದ ಮೇಲೆ ಆ ಸೈನಿಕನನ್ನು ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಯೋಧರ ಸಂಘವಾಗಿ ಹುಟ್ಟಿದ್ದು ಮಕ್ಕಳನ್ನು ಶಾಲೆಗೆ ಕಳಿಸುವ, ವಿದ್ಯಾರ್ಥಿವೇತನ ಕೊಡುವ ಚಳವಳಿಯಾಗಿ ಬೆಳೆಯಿತು.

ಹಣ ಹರಿದಲ್ಲಿ ಅದನ್ನು ನುಂಗುವವರೂ ಬರುತ್ತಾರೆ. ಯುದ್ಧ ಮುಗಿದ ಎರಡು ಮೂರು ವರ್ಷದಲ್ಲಿ ಮಾಜಿ ಸೈನಿಕರ ಶುಲ್ಕಕ್ಕಾಗಿಯೇ ಸಾವಿರಾರು ಖಾಸಗಿ ತರಬೇತಿ ಶಾಲೆಗಳು ತಲೆಯೆತ್ತಿ, ಅನೇಕವು ಏನನ್ನೂ ಕಲಿಸದೆ ಬಿಲ್ಲು ಕಳಿಸಿದವು. ಸಂಸತ್ತಿನ ತನಿಖೆಯ ನಂತರ 1952ರ ಕೊರಿಯಾ ಕಾಯ್ದೆ ದಾರಿ ಬದಲಿಸಿತು. ಹಣ ಕಾಲೇಜಿಗೆ ಹೋಗುವ ಬದಲು ತಿಂಗಳಿಗೆ 110 ಡಾಲರಿನಂತೆ ಯೋಧನ ಕೈಗೇ. ಶುಲ್ಕವನ್ನೂ ಅದರಲ್ಲೇ ಅವನು ಕಟ್ಟಬೇಕು. ಜೊತೆಗೆ, ಒಂದು ಕೋರ್ಸಿನ ವಿದ್ಯಾರ್ಥಿಗಳಲ್ಲಿ ಈ ನೆರವು ಪಡೆಯುವವರು ಶೇ. 85ನ್ನು ಮೀರಬಾರದೆಂಬ ನಿಯಮ. ಮೋಸ ಕಡಿಮೆಯಾಯಿತು. ಆದರೆ ದುಬಾರಿ ಕಾಲೇಜುಗಳು ಬಡ ಯೋಧನ ಕೈ ತಪ್ಪಿಹೋದವು.

ವಿಯೆಟ್ನಾಂ ಯುದ್ಧದ ತಲೆಮಾರಿಗೆ ಎಲ್ಲವೂ ಬೇರೆ. 1966ರ ಕಾಯ್ದೆ ಕೊಟ್ಟದ್ದು ತಿಂಗಳಿಗೆ 100 ಡಾಲರ್: ಬೆಲೆಗಳು ಏರಿದ್ದ ಕಾಲದಲ್ಲಿ, ಹದಿನಾಲ್ಕು ವರ್ಷ ಹಿಂದಿನ ಕೊರಿಯಾ ಮೊತ್ತಕ್ಕಿಂತ ಕಡಿಮೆ. ಸಂಸತ್ತು ಆಮೇಲೆ ಅದನ್ನು ಮತ್ತೆ ಮತ್ತೆ ಏರಿಸಬೇಕಾಯಿತು. ಇಷ್ಟಾದರೂ ಈ ತಲೆಮಾರಿನಲ್ಲಿ ಸೌಲಭ್ಯ ಬಳಸಿದವರ ಪ್ರಮಾಣ ಎರಡನೇ ಮಹಾಯುದ್ಧದವರಿಗಿಂತ ಹೆಚ್ಚು. ತೊಂದರೆ ಇದ್ದದ್ದು ಕ್ಯಾಂಪಸ್ಸಿನಲ್ಲಿ. ಅಪ್ಪಂದಿರ ತಲೆಮಾರು ಗುಂಪುಗುಂಪಾಗಿ ಕಾಲೇಜಿಗೆ ಬಂದಿತ್ತು. ಮಕ್ಕಳ ತಲೆಮಾರು ಒಬ್ಬೊಬ್ಬರಾಗಿ ಬಂತು, ಅದೂ ಯುದ್ಧವಿರೋಧಿ ಚಳವಳಿಯ ನಡುವಿಗೆ. ಚಳವಳಿಗೆ ನ್ಯಾಯವಾದ ಕಾರಣಗಳಿದ್ದವು. ಆದರೆ ಯುದ್ಧ ಮಾಡಿಸಿದವರ ಮೇಲಿನ ಸಿಟ್ಟು ಹಳ್ಳಿಯಿಂದ ಕಡ್ಡಾಯ ಭರ್ತಿಯಲ್ಲಿ ಎಳೆದೊಯ್ಯಲ್ಪಟ್ಟ ಹುಡುಗನ ಮೇಲೆ ತೀರಿದ್ದು ಅನ್ಯಾಯ. ಎಷ್ಟೋ ಜನ ತಾವು ಸೇನೆಯಲ್ಲಿದ್ದೆವೆಂಬುದನ್ನೇ ಮುಚ್ಚಿಟ್ಟುಕೊಂಡು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು.

ಆಗ ದಾರಿ ತೋರಿಸಿದವರು ಸರ್ಕಾರದವರಲ್ಲ. 1970ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಯುದ್ಧವನ್ನು ವಿರೋಧಿಸುತ್ತಿದ್ದ ವಿಯೆಟ್ನಾಂ ಯೋಧರೇ ವಾರಕ್ಕೊಮ್ಮೆ ಸುತ್ತಲೂ ಕೂತು ಮಾತಾಡಲು ಶುರುಮಾಡಿದರು. ಮನೋವೈದ್ಯರಾದ ರಾಬರ್ಟ್ ಜೇ ಲಿಫ್ಟನ್ ಮತ್ತು ಕೈಮ್ ಶಾಟನ್ ಅವರೊಂದಿಗೆ ಕೂತರು, ಚಿಕಿತ್ಸೆ ಕೊಡುವ ವೈದ್ಯರಾಗಿ ಅಲ್ಲ, ಗುಂಪಿನಲ್ಲಿ ಒಬ್ಬರಾಗಿ. ಈ ಮಾತುಕತೆಯ ಗುಂಪುಗಳಿಂದ ಹೊರಟ ಒತ್ತಾಯ ಎರಡು ಕಡೆ ಫಲ ಕೊಟ್ಟಿತು. 1979ರಲ್ಲಿ ಸಂಸತ್ತು ಆಸ್ಪತ್ರೆಯ ಆವರಣದಿಂದ ಹೊರಗೆ, ಪೇಟೆ ಬೀದಿಗಳಲ್ಲಿ, ಮಾಜಿ ಸೈನಿಕರಿಗೆ ಆಪ್ತಸಲಹೆ ನೀಡುವ 'ವೆಟ್ ಸೆಂಟರ್'ಗಳನ್ನು ತೆರೆಯಲು ಒಪ್ಪಿತು. ಅಲ್ಲಿ ಕೆಲಸಕ್ಕಿದ್ದವರಲ್ಲಿ ಅನೇಕರು ಸ್ವತಃ ಯೋಧರು. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಪಿಟಿಎಸ್‌ಡಿ (ಆಘಾತದ ನಂತರದ ಮಾನಸಿಕ ಒತ್ತಡದ ಕಾಯಿಲೆ) ಎಂಬ ಹೆಸರು ಸೇರಿತು. ಶ್ಯಾಂಕ್ಸ್ ವಿಲೇಜಿನ ಮನೆಗಳ ನಡುವೆ ತಾನಾಗಿಯೇ ನಡೆದದ್ದನ್ನು ಈಗ ಯೋಜನೆ ಹಾಕಿ ಕಟ್ಟಬೇಕಾಯಿತು.

ಕಾಲೇಜುಗಳ ಒಳಗೂ ಇದೇ ಕಾಲಕ್ಕೆ ಮೊದಲ ಕಚೇರಿಗಳು ಬಂದವು. 1972ರ ಶಿಕ್ಷಣ ತಿದ್ದುಪಡಿಗಳು, ಮಾಜಿ ಸೈನಿಕರನ್ನು ಹೆಚ್ಚು ಸೇರಿಸಿಕೊಂಡು ಅವರಿಗಾಗಿ ಪೂರ್ಣಾವಧಿ ಕಚೇರಿ ನಡೆಸುವ ಕಾಲೇಜುಗಳಿಗೆ ಅನುದಾನ ಕೊಟ್ಟವು. ಹೊಸಬರನ್ನು ಹುಡುಕಿ ಕರೆತರುವುದು, ಹಿಂದುಳಿದವರಿಗೆ ಪಾಠ ಹೇಳಿಸುವುದು, ಸಲಹೆ ಕೊಡುವುದು ಆ ಕಚೇರಿಗಳ ಕೆಲಸ. ಅದೇ ವರ್ಷ, ಬೇರೆ ಬೇರೆ ಊರುಗಳಿಗೆ ವರ್ಗವಾಗುವ ಸೈನಿಕರ ಕ್ರೆಡಿಟ್‌ಗಳನ್ನು ಪರಸ್ಪರ ಒಪ್ಪಿಕೊಳ್ಳುವ ಕಾಲೇಜುಗಳ ಒಂದು ಕೂಟವೂ ಹುಟ್ಟಿತು. ಹೆಂಗಸು ಮಾಜಿ ಸೈನಿಕಳಾದರೆ ಅವಳ ಗಂಡನನ್ನೂ, ಗಂಡಸಿನ ಹೆಂಡತಿಯಂತೆಯೇ, ಅವಲಂಬಿತನೆಂದು ಎಣಿಸುವ ನ್ಯಾಯ ಬಂದದ್ದೂ 1972ರಲ್ಲೇ.

ಆಮೇಲಿನ ಕಾಲು ಶತಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡ್ಡಾಯ ಸೇನಾ ಭರ್ತಿ ನಿಂತಿತು. 1976ರ ಕೊನೆಗೆ, ಹೊಸದಾಗಿ ಸೇನೆ ಸೇರುವವರ ಪಾಲಿಗೆ ಹಳೆಯ ಜಿಐ ಬಿಲ್ ಮುಗಿಯಿತು. ಅದರ ಜಾಗದಲ್ಲಿ ಸೈನಿಕನೂ ತನ್ನ ಸಂಬಳದಿಂದ ಹಣ ಹಾಕಬೇಕಾದ ಯೋಜನೆಗಳು ಬಂದವು. ಮಿಸಿಸಿಪ್ಪಿಯ ಸಂಸದ ಸನ್ನಿ ಮಾಂಟ್‌ಗೊಮರಿ ಹೆಸರಿನ, 1985ರಲ್ಲಿ ಜಾರಿಯಾದ ಯೋಜನೆಯಲ್ಲಿ ಮೊದಲ ಹನ್ನೆರಡು ತಿಂಗಳು 100 ಡಾಲರಿನಂತೆ ಕಡಿತ, ಮುಂದೆ ಓದುವಾಗ ತಿಂಗಳಿಗೆ 300 ಡಾಲರ್. ಓದು ಎಂಬುದು ಋಣ ತೀರಿಸುವ ಮಾತಾಗಿ ಉಳಿಯಲಿಲ್ಲ, ಭರ್ತಿಗೆ ಕರೆಯುವ ಜಾಹೀರಾತಾಯಿತು. ಅನುದಾನ ಕುಗ್ಗಿದಂತೆ ಕ್ಯಾಂಪಸ್ಸಿನ ಕಚೇರಿಗಳೂ ಕುಗ್ಗಿ, ಅನೇಕ ಕಡೆ ಅರ್ಜಿಗೆ ಸಹಿ ಹಾಕುವ ಒಬ್ಬರೇ ಉಳಿದರು.

ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದವರು ಕಂಡದ್ದು ಈ ಒಬ್ಬ ಗುಮಾಸ್ತೆಯನ್ನು. ವಿಯೆಟ್ನಾಂನಲ್ಲಿ ಹೋರಾಡಿದ್ದ, ವರ್ಜೀನಿಯಾದ ಸೆನೆಟರ್ ಜಿಮ್ ವೆಬ್ 2007ರ ಜನವರಿಯಲ್ಲಿ ತಮ್ಮ ಅಧಿಕಾರಾವಧಿಯ ಮೊದಲ ದಿನವೇ, ಆರಂಭದಲ್ಲಿ ಹೇಳಿದ ಸೌಲಭ್ಯಗಳನ್ನು ಕೊಡುವ ಹೊಸ ಮಸೂದೆ ಮಂಡಿಸಿದರು. ಇಷ್ಟು ಉದಾರವಾದರೆ ಸೈನಿಕರು ಸೇನೆಯಲ್ಲಿ ಉಳಿಯುವುದಿಲ್ಲ ಎಂದು ಬುಷ್ ಸರ್ಕಾರ ಮೊದಲು ವಿರೋಧಿಸಿತು; ಸೌಲಭ್ಯವನ್ನು ಹೆಂಡತಿ ಮಕ್ಕಳಿಗೆ ವರ್ಗಾಯಿಸುವ ಅವಕಾಶ ಸೇರಿಸಿದ ಮೇಲೆ 2008ರ ಜೂನ್ 30ರಂದು ಸಹಿ ಬಿತ್ತು. 2009ರ ಆಗಸ್ಟ್ 1ರಿಂದ ಜಾರಿ. ಮೊದಲ ಸೆಮಿಸ್ಟರಿನಲ್ಲೇ ಅರ್ಜಿಗಳ ಪ್ರವಾಹಕ್ಕೆ ಮಾಜಿ ಸೈನಿಕರ ಇಲಾಖೆ ತತ್ತರಿಸಿತು. ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದ ವಿದ್ಯಾರ್ಥಿಗಳಿಗೆ ಅಕ್ಟೋಬರಿನಲ್ಲಿ 3,000 ಡಾಲರ್‌ವರೆಗಿನ ತುರ್ತು ಚೆಕ್ಕುಗಳನ್ನು ಕೊಡಬೇಕಾಯಿತು.

ಕಾಯ್ದೆಗಿಂತ ಮೊದಲೇ ಹುಡುಗರು ಎದ್ದಿದ್ದರು. ಬೇರೆ ಬೇರೆ ಕಾಲೇಜುಗಳಲ್ಲಿ ಚದುರಿದ್ದ ಸಣ್ಣ ಸಂಘಗಳು 2008ರಲ್ಲಿ ಒಂದಾಗಿ ಸ್ಟೂಡೆಂಟ್ ವೆಟರನ್ಸ್ ಆಫ್ ಅಮೆರಿಕ ಆದವು. ಇವತ್ತು ಅದಕ್ಕೆ ಸುಮಾರು 1,500 ಶಾಖೆಗಳಿವೆ. ಶಾಖೆಗಳ ಕೆಲಸದಲ್ಲಿ ಆಡಂಬರ ಇಲ್ಲ. ಯಾವ ಫಾರಂ ಯಾವ ತಾರೀಖಿನೊಳಗೆ ಕೊಡಬೇಕು, ಭತ್ಯೆ ತಡವಾದರೆ ಯಾರನ್ನು ಕೇಳಬೇಕು, ಯಾವ ಮೇಷ್ಟ್ರು ಅರ್ಥಮಾಡಿಕೊಳ್ಳುತ್ತಾರೆ ಎಂದು ಹೇಳಿಕೊಡುವುದು. ಗಣಿತ ಮರೆತವನ ಜೊತೆ ಕೂರುವುದು. ಹತ್ತೊಂಬತ್ತರ ಹುಡುಗರ ನಡುವೆ ಇಪ್ಪತ್ತೆಂಟರವನು, ಅದೂ ಇಬ್ಬರು ಮಕ್ಕಳ ತಂದೆ, ತಾನೊಬ್ಬನೇ ಅಲ್ಲ ಎಂದು ಅರಿಯುವುದಕ್ಕೆ ಇಷ್ಟು ಬೇಕು.

ಸಂಸ್ಥೆಗಳೂ ಎಚ್ಚೆತ್ತವು. 2009ರಲ್ಲಿ ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಮಾಜಿ ಸೈನಿಕರ ಇಲಾಖೆ ತನ್ನ ಆಪ್ತಸಲಹೆಗಾರರನ್ನು ಕ್ಯಾಂಪಸ್ಸಿನಲ್ಲೇ ಕೂರಿಸುವ ಪ್ರಯೋಗ ಶುರುಮಾಡಿತು. ಅದು ಬೇರೆ ಹತ್ತಾರು ಕಾಲೇಜುಗಳಿಗೆ ಹರಡಿತು. 2010ರ ಸುಮಾರಿಗೆ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ 'ಗ್ರೀನ್ ಝೋನ್' ತರಬೇತಿ ಕಟ್ಟಿತು. ಸೈನಿಕ ಬದುಕಿನ ಬಗ್ಗೆ ತಿಳಿದುಕೊಂಡ ಅಧ್ಯಾಪಕರು, ಸಿಬ್ಬಂದಿ ತಮ್ಮ ಕೋಣೆಯ ಬಾಗಿಲಿಗೆ ಒಂದು ಗುರುತು ಅಂಟಿಸುತ್ತಾರೆ. ಇಲ್ಲಿ ಬಂದು ಮಾತಾಡಬಹುದು ಎಂದು ಅದರ ಅರ್ಥ. ಖರ್ಚು ಅಷ್ಟಿಷ್ಟು, ಉಪಯೋಗ ಬಹಳ. ಮಿಷಿಗನ್ ವಿಶ್ವವಿದ್ಯಾಲಯದ ಯೋಜನೆಯೊಂದು ಹಳೆಯ ಯೋಧ-ವಿದ್ಯಾರ್ಥಿಗೆ ತರಬೇತಿ ಕೊಟ್ಟು ಹೊಸಬನೊಂದಿಗೆ ಜೋಡಿಸುತ್ತದೆ. 2012ರಲ್ಲಿ ಯೇಲ್‌ನಲ್ಲಿ ಶುರುವಾದ ವಾರಿಯರ್-ಸ್ಕಾಲರ್ ಪ್ರಾಜೆಕ್ಟ್ ಕಾಲೇಜಿಗೆ ಮೊದಲು ಒಂದೆರಡು ವಾರ ಬಿಡುವಿಲ್ಲದೆ ಓದುವ, ಬರೆಯುವ ಅಭ್ಯಾಸ ಮಾಡಿಸುತ್ತದೆ. ಪಾಸ್ಸಿ ಪ್ರತಿಷ್ಠಾನ 2013ರಲ್ಲಿ ವಾಸ್ಸರ್ ಕಾಲೇಜಿಗೆ ಯೋಧರನ್ನು ಒಬ್ಬೊಬ್ಬರಾಗಿ ಅಲ್ಲ, ಒಂದು ಗುಂಪಾಗಿಯೇ ಕಳಿಸಿತು. ಸೇನೆ ಯಾರನ್ನೂ ಒಂಟಿಯಾಗಿ ಕಳಿಸುವುದಿಲ್ಲ. ಕಾಲೇಜಿಗೂ ಹಾಗೆಯೇ ಕಳಿಸಬೇಕೆಂಬ ಈ ಯೋಚನೆ ನನಗೆ ಎಲ್ಲಕ್ಕಿಂತ ಸರಿಯಾದದ್ದೆನ್ನಿಸುತ್ತದೆ.

ಹಳೆಯ ಪಿಡುಗೂ ಮರಳಿತು. ಲಾಭಕ್ಕಾಗಿ ನಡೆಯುವ ಕಾಲೇಜುಗಳು ತಮ್ಮ ಆದಾಯದ ಶೇ. 90ಕ್ಕಿಂತ ಹೆಚ್ಚನ್ನು ಕೇಂದ್ರದ ವಿದ್ಯಾರ್ಥಿ ನೆರವಿನಿಂದ ಪಡೆಯುವಂತಿರಲಿಲ್ಲ. ಆದರೆ ಜಿಐ ಬಿಲ್ಲಿನ ಹಣ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಅವು ಯೋಧರನ್ನು ಬೆನ್ನಟ್ಟಿದವು. ಸರ್ಕಾರದ್ದೇ ಎಂಬಂತೆ ಕಾಣುವ ಜಿಐಬಿಲ್ ಡಾಟ್ ಕಾಮ್ ಎಂಬ ತಾಣ ಇಂಥ ಕಾಲೇಜುಗಳಿಗೆ ವಿದ್ಯಾರ್ಥಿಗಳನ್ನು ತಿರುಗಿಸುತ್ತಿತ್ತು. 2012ರಲ್ಲಿ 20 ರಾಜ್ಯಗಳು ಅದನ್ನು ನಡೆಸುತ್ತಿದ್ದ ಕಂಪನಿಯ ಮೇಲೆ ಕ್ರಮ ಕೈಗೊಂಡು ತಾಣವನ್ನು ಇಲಾಖೆಗೆ ಒಪ್ಪಿಸುವಂತೆ ಮಾಡಿದವು. ಲಾಭಕ್ಕಾಗಿ ನಡೆಯುತ್ತಿದ್ದ ಕಾಲೇಜುಗಳ ಪೈಕಿ ಕೊರಿಂಥಿಯನ್ 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಯೋಧರ ಪಾಲಿನ ನೆರವಿನ ತಿಂಗಳುಗಳು ಪದವಿಯಿಲ್ಲದೆ ಕರಗಿಹೋಗಿದ್ದವು. ಅವುಗಳನ್ನು ಮರಳಿಸಿದ್ದು 2017ರ ಕಾಯ್ದೆ. ಹೋಟೆಲ್ ಕಾಗದದ ಮೇಲೆ ಕರಡು ಬರೆದ ಹ್ಯಾರಿ ಕಾಲ್ಮೆರಿಯವರ ಹೆಸರನ್ನೇ ಅದಕ್ಕಿಟ್ಟರು. 2013ರಿಂದೀಚೆಗೆ ಬಿಡುಗಡೆಯಾದವರಿಗೆ ಹದಿನೈದು ವರ್ಷದೊಳಗೆ ಓದಿ ಮುಗಿಸಬೇಕೆಂಬ ಗಡುವನ್ನೂ ಅದು ತೆಗೆದುಹಾಕಿತು. ಶೇ. 90ರ ಲೆಕ್ಕದ ಆ ಕಂಡಿಯನ್ನು ಮುಚ್ಚುವ ಕಾನೂನು ಬಂದದ್ದು 2021ರಲ್ಲಿ.

ಇಷ್ಟೆಲ್ಲದರಿಂದ ಎಷ್ಟು ಜನ ಪದವಿ ಪಡೆದರು? ವರ್ಷಗಟ್ಟಲೆ ಯಾರೂ ಲೆಕ್ಕವಿಟ್ಟಿರಲಿಲ್ಲ. ಬಹುಪಾಲು ಯೋಧರು ಓದು ಬಿಡುತ್ತಾರೆಂಬ ವದಂತಿ ಮಾತ್ರ ಓಡಾಡುತ್ತಿತ್ತು. ವಿದ್ಯಾರ್ಥಿ ಯೋಧರ ಸಂಘವೇ ಮುಂದೆ ನಿಂತು ಸುಮಾರು ಹತ್ತು ಲಕ್ಷ ದಾಖಲೆಗಳನ್ನು ಪರಿಶೀಲಿಸಿತು. 2014ರಲ್ಲಿ ಹೊರಬಂದ ಉತ್ತರ: ಶೇ. 51.7 ಮಂದಿ ಪದವಿ ಅಥವಾ ಪ್ರಮಾಣಪತ್ರ ಪಡೆದಿದ್ದರು. ಕೆಲಸ, ಸಂಸಾರ, ನಡುವೆ ಮತ್ತೆ ಸೇವೆಗೆ ಕರೆ, ಇವೆಲ್ಲವನ್ನು ಹೊತ್ತು ಓದಿದವರಿಗೆ ಇದು ಸಣ್ಣ ಸಾಧನೆಯಲ್ಲ. ಬಾಕಿ ಉಳಿದ ಋಣಗಳೂ ಇವೆ. ಗೌರವದ ಬಿಡುಗಡೆಪತ್ರ ಇಲ್ಲದವನಿಗೆ ಇಂದಿಗೂ ಈ ಸೌಲಭ್ಯವಿಲ್ಲ, ಅವನ ತಪ್ಪಿನ ಬೇರು ಯುದ್ಧದ ಮಾನಸಿಕ ಗಾಯದಲ್ಲಿದ್ದರೂ. ವಂಚಿತರಾದ ಕಪ್ಪು ಯೋಧರ ವಂಶಸ್ಥರಿಗೆ ಆ ಪಾಲನ್ನು ಕೊಡುವ ಮಸೂದೆ 2021ರಲ್ಲಿ ಮಂಡನೆಯಾಯಿತು, ಕಾನೂನಾಗಲಿಲ್ಲ.

ಈ ಕಥೆ ಕರ್ನಾಟಕದ ಓದುಗರಿಗೆ ದೂರದ್ದಲ್ಲ. ನಮ್ಮಲ್ಲಿ ಸೈನಿಕರ ಮಕ್ಕಳ ಓದಿಗೆ ಮೀಸಲು ಸೀಟುಗಳಿವೆ, ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. 2019ರಿಂದ ಅದು ತಿಂಗಳಿಗೆ ಗಂಡುಮಕ್ಕಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ. ಆದರೆ ಸೈನಿಕನೇ ವಿದ್ಯಾರ್ಥಿಯಾಗಿ ಕಾಲೇಜಿನ ಮೆಟ್ಟಿಲು ಹತ್ತಬಹುದೆಂದು ನಮ್ಮ ವ್ಯವಸ್ಥೆ ಹೆಚ್ಚಾಗಿ ಯೋಚಿಸಿಯೇ ಇಲ್ಲ. ಮೂವತ್ತೈದು, ನಲವತ್ತಕ್ಕೆ ಪಿಂಚಣಿಯೊಂದಿಗೆ ಬರುತ್ತಿದ್ದ ಜವಾನ ಬ್ಯಾಂಕಿನ ಕಾವಲಿಗೋ ಗ್ರೂಪ್ ಸಿ ಹುದ್ದೆಗೋ ಹೋಗುತ್ತಾನೆಂದೇ ಲೆಕ್ಕ. 2022ರ ಅಗ್ನಿಪಥ ಯೋಜನೆ ಆ ಲೆಕ್ಕವನ್ನು ಬದಲಿಸಿದೆ. ಹದಿನೇಳೂವರೆಯಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ ಸೇರಿದ ಅಗ್ನಿವೀರ ನಾಲ್ಕು ವರ್ಷ ಮುಗಿಸಿ ಬರುವಾಗ ಕಾಲೇಜಿನ ವಯಸ್ಸಿನಲ್ಲೇ ಇರುತ್ತಾನೆ. ಸೇನೆಯಲ್ಲಿ ಉಳಿಯುವವರು ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ. ಉಳಿದವರ ಕೈಯಲ್ಲಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ, ಪಿಂಚಣಿ ಇಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲಿ ಇವರು ತರಬೇತಿ ಪಡೆಯುತ್ತಾರೆ. 2022ರ ಕೊನೆ, 2023ರ ಆರಂಭದಲ್ಲಿ ಸೇರಿದ ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಆರಂಭಕ್ಕೆ.

ಸೇವೆಯಲ್ಲಿ ಪಡೆದ ತರಬೇತಿಗೆ ಅರ್ಧದಷ್ಟು ಕ್ರೆಡಿಟ್ ಕೊಟ್ಟು ಉಳಿದರ್ಧ ಓದಿಸಿ ಪದವಿ ಕೊಡುವ ಕಾರ್ಯಕ್ರಮವನ್ನು ಇಗ್ನೊ ರೂಪಿಸಿದೆ. ಅದು ಒಳ್ಳೆಯ ಆರಂಭ. ಆದರೆ ಅದು ಮನೆಯಲ್ಲಿ ಕೂತು ಓದುವ ದೂರಶಿಕ್ಷಣ. ಪಕ್ಕದಲ್ಲಿ ಯಾರೂ ಇರುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಿಗೆ, ಅದರಲ್ಲೂ ಸೈನಿಕರನ್ನು ಹೆಚ್ಚಾಗಿ ಕಳಿಸುವ ಕೊಡಗು, ಬೆಳಗಾವಿ ಕಡೆಯ ಪದವಿ ಕಾಲೇಜುಗಳಿಗೆ ನನ್ನ ಬಿನ್ನಹ ಇಷ್ಟೇ. ದೊಡ್ಡ ಅನುದಾನಕ್ಕೆ ಕಾಯಬೇಡಿ. ಈ ಹುಡುಗರ ಅರ್ಜಿ, ಕ್ರೆಡಿಟ್, ಹಾಸ್ಟೆಲ್ ವಿಷಯ ನೋಡಿಕೊಳ್ಳಲು ಒಬ್ಬ ಸಿಬ್ಬಂದಿಯನ್ನು ನೇಮಿಸಿ. ಸೈನಿಕರ ಬದುಕು ಬಲ್ಲ ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನೂ ಊರಿನ ಮಾಜಿ ಸೈನಿಕರ ಸಂಘವನ್ನೂ ಈಗಲೇ ಕರೆದು ಮಾತಾಡಿ. ಬರುವವರನ್ನು ಬೇರೆ ಬೇರೆ ಸೆಕ್ಷನ್ನುಗಳಿಗೆ ಚದುರಿಸದೆ ನಾಲ್ಕೈದು ಜನರನ್ನು ಒಟ್ಟಿಗೆ ಕೂರಿಸಿ. ಮೊದಲ ತಂಡ ಬರುವಷ್ಟರಲ್ಲಿ ಇಷ್ಟನ್ನು ಮಾಡಿಡಿ.